ಬೆಳಿಗ್ಗೆ ಎದ್ದಾಗ ಅಪ್ಪನ ಒಂದು ಕಣ್ಣಿನ ಅರ್ಧ ನೋಟ ಹೋಗಿತ್ತು. ಇನ್ನೊಂದು ಕಣ್ಣಿಗೂ ಹೀಗಾಗುತ್ತಾ?

ಪ್ರಶ್ನೆ: ನನ್ನ ಅಪ್ಪನಿಗೆ 59 ವರ್ಷ. ಊರಲ್ಲಿ ದಿನಸಿ ಅಂಗಡಿ ನಡೆಸುತ್ತಾರೆ. 11 ವರ್ಷದಿಂದ ಶುಗರ್ ಇದೆ, 6 ವರ್ಷದಿಂದ ಬಿಪಿ. ಒಂದು ತಿಂಗಳ ಹಿಂದೆ ಬೆಳಿಗ್ಗೆ ಎದ್ದು ಪೇಪರ್ ಹಿಡಿದಾಗ ಬಲಗಣ್ಣಿನ ಕೆಳಗಿನ ಅರ್ಧಕ್ಕೆ ಪರದೆ ಬಿದ್ದ ಹಾಗೆ ಕಂಡಿತಂತೆ. ನೋವಿಲ್ಲ, ಕಣ್ಣು ಕೆಂಪಾಗಿಲ್ಲ. ಪೊರೆ ಬಂದಿರಬೇಕು ಅಂದುಕೊಂಡು ಮೂರು ದಿನ ಸುಮ್ಮನಿದ್ದರು. ನಾಲ್ಕನೇ ದಿನ ನನಗೆ ಹೇಳಿದರು, ಅವತ್ತೇ ಕರೆದುಕೊಂಡು ಹೋದೆ. ಕಣ್ಣಿನ ನರಕ್ಕೆ ರಕ್ತ ಸರಿಯಾಗಿ ಹೋಗಿಲ್ಲ, ನರ ಊದಿಕೊಂಡಿದೆ, ಕಣ್ಣಿನ ಸ್ಟ್ರೋಕ್ ಇದ್ದ ಹಾಗೆ ಎಂದರು ಡಾಕ್ಟರ್. ಎಂಆರ್‌ಐ ನಾರ್ಮಲ್ ಬಂತು. ಒಬ್ಬರು ಸ್ಟೀರಾಯ್ಡ್ ಕೊಡಬಹುದು ಎಂದರು, ಇನ್ನೊಬ್ಬರು ಶುಗರ್ ಇದೆ ಬೇಡ ಎಂದರು. ಈಗ ಆ ಕಣ್ಣಿನ ನೋಟ 6/36, ಅಂದರೆ ಚೆನ್ನಾಗಿ ಕಾಣುವವರು 36 ಮೀಟರ್ ದೂರದಿಂದ ಓದುವುದನ್ನು ಅಪ್ಪ 6 ಮೀಟರ್‌ನಿಂದ ಓದಬೇಕು. ಬಿಪಿ ಮಾತ್ರೆಯನ್ನು ರಾತ್ರಿ ಮಲಗುವ ಮುಂಚೆ ತಗೊಳ್ಳುತ್ತಾರೆ. ಜೋರಾಗಿ ಗೊರಕೆ ಹೊಡೆಯುತ್ತಾರೆ. ಮೂರು ದಿನ ತಡ ಮಾಡಿದ್ದರಿಂದ ನೋಟ ಹೋಯಿತಾ? ನಮ್ಮ ಮಾವ ಸ್ಟೆಮ್ ಸೆಲ್ (ದೇಹದ ಮೂಲ ಜೀವಕೋಶ) ಚಿಕಿತ್ಸೆ ಮಾಡಿಸಿ ಅನ್ನುತ್ತಿದ್ದಾರೆ, ಮಾಡಿಸಬಹುದಾ? ಇನ್ನೊಂದು ಕಣ್ಣಿಗೂ ಹೀಗೇ ಆಗುತ್ತಾ?

ಉತ್ತರ: ಮೊದಲ ಪ್ರಶ್ನೆಯನ್ನೇ ಮೊದಲು ತಗೊಳ್ಳುತ್ತೇನೆ. ಉಳಿದ ಎರಡನ್ನು ಕೇಳುವಾಗಲೂ ನಿಮ್ಮ ಮನಸ್ಸು ಅಲ್ಲೇ ನಿಂತಿದೆ ಅಂತ ನನಗೆ ಅನ್ನಿಸಿತು.

ಆ ಮೂರು ದಿನದಿಂದ ನಿಮ್ಮ ಅಪ್ಪನ ನೋಟ ಹೋಗಲಿಲ್ಲ. ನೀವು ಬರೆದಿರುವ ಲಕ್ಷಣಗಳು ಒಂದು ಕಾಯಿಲೆಗೆ ಚೆನ್ನಾಗಿ ಹೊಂದುತ್ತವೆ. ನಾವು ಅದನ್ನು ನಾನ್ ಆರ್ಟರೈಟಿಕ್ ಇಸ್ಕೀಮಿಕ್ ಆಪ್ಟಿಕ್ ನ್ಯೂರೋಪತಿ ಎನ್ನುತ್ತೇವೆ. ಹೆಸರು ದೊಡ್ಡದು, ಅರ್ಥ ಇಷ್ಟೇ: ರಕ್ತನಾಳದ ಉರಿಯೂತ ಇಲ್ಲದೆ, ಕಣ್ಣಿನ ನರದ ತುದಿಗೆ ರಕ್ತ ಸಾಲದೆ ಬಂದ ತೊಂದರೆ. ಇದರಲ್ಲಿ ಪೆಟ್ಟು ಬೀಳುವುದು ಹೆಚ್ಚಾಗಿ ನಿದ್ದೆಯಲ್ಲಿ. ಎದ್ದಾಗ ಆಗಬೇಕಾದ್ದು ಬಹುತೇಕ ಆಗಿಹೋಗಿರುತ್ತದೆ. ಅವತ್ತು ಬೆಳಿಗ್ಗೆ ಏಳು ಗಂಟೆಗೇ ನೀವು ಅವರನ್ನು ಆಸ್ಪತ್ರೆಗೆ ಕರೆತಂದಿದ್ದರೂ ಅದನ್ನು ಹಿಂದಕ್ಕೆ ತರುವ ಔಷಧ ನಮ್ಮ ಬಳಿ ಇರಲಿಲ್ಲ. ನಿಮ್ಮನ್ನು ಸಮಾಧಾನ ಮಾಡುವುದಕ್ಕೆ ಹೀಗೆ ಹೇಳುತ್ತಿಲ್ಲ. ನಮ್ಮ ವೈದ್ಯಶಾಸ್ತ್ರ ಇವತ್ತು ಇರುವುದೇ ಇಷ್ಟರಲ್ಲಿ.

ಆದರೆ ಇದನ್ನು ಓದುವ ಬೇರೆಯವರು ತಪ್ಪಾಗಿ ತಿಳಿಯಬಾರದು. ಇದೇ ಥರ ಕಾಣುವ ಇನ್ನೊಂದು ಕಾಯಿಲೆ ಇದೆ. ಅದರಲ್ಲಿ ಮೂರು ದಿನ ಅಂದರೆ ಎರಡೂ ಕಣ್ಣು ಹೋಗುವಷ್ಟು ಸಮಯ. ಅದರ ಬಗ್ಗೆ ಮುಂದೆ ಹೇಳುತ್ತೇನೆ. ಹಾಗಾಗಿ ನೋಟ ಒಮ್ಮೆಲೇ ಕಡಿಮೆಯಾದರೆ ಯಾರೂ ಕಾಯಬಾರದು. ಪೊರೆ ಒಂದೇ ರಾತ್ರಿಯಲ್ಲಿ ಬರುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ.

ನರಕ್ಕೆ ಏನಾಯಿತು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ಗೊತ್ತಾದರೆ ಮುಂದೆ ಯಾವುದರ ಮೇಲೆ ಗಮನ ಇಡಬೇಕು ಅನ್ನುವುದು ನಿಮಗೇ ಹೊಳೆಯುತ್ತದೆ.

ಕಣ್ಣಿನ ಹಿಂಭಾಗದ ಪರದೆಯಿಂದ ಮೆದುಳಿಗೆ ಹೋಗುವ ನರದಲ್ಲಿ ಸುಮಾರು 10ರಿಂದ 12 ಲಕ್ಷ ಎಳೆಗಳಿವೆ. ಇವೆಲ್ಲ ಒಟ್ಟಾಗಿ ಕಣ್ಣಿನಿಂದ ಹೊರಗೆ ಹೋಗುವ ಬಾಗಿಲಿನ ಅಗಲ ಒಂದೂವರೆ ಮಿಲಿಮೀಟರ್ ಅಷ್ಟೇ. ಈ ಜಾಗಕ್ಕೆ ರಕ್ತ ಕೊಡುವ ನಾಳಗಳು ತುಂಬಾ ಸಣ್ಣವು. ಕೆಲವರಲ್ಲಿ ಈ ಬಾಗಿಲು ಹುಟ್ಟಿನಿಂದಲೇ ಇನ್ನೂ ಚಿಕ್ಕದು. ಎಳೆಗಳು ಒತ್ತೊತ್ತಾಗಿ, ಜಾತ್ರೆಯ ದಿನ ಗುಡಿಯ ಬಾಗಿಲಲ್ಲಿ ಜನ ನಿಂತ ಹಾಗೆ ಇರುತ್ತವೆ. ಇಂಥ ಕಣ್ಣಿಗೆ ನೋಟ ಚೆನ್ನಾಗಿಯೇ ಇರುತ್ತದೆ, ಯಾವ ತೊಂದರೆಯೂ ಗೊತ್ತಾಗುವುದಿಲ್ಲ. ಆದರೆ ರಕ್ತ ಸ್ವಲ್ಪ ಕಡಿಮೆಯಾದಾಗ ಎಳೆಗಳು ಊದಿಕೊಳ್ಳುತ್ತವೆ. ಊದಲು ಜಾಗವೇ ಇಲ್ಲ. ಒಂದನ್ನೊಂದು ಅದುಮುತ್ತವೆ, ಪಕ್ಕದ ಸಣ್ಣ ನಾಳಗಳನ್ನೂ ಅದುಮುತ್ತವೆ. ರಕ್ತ ಇನ್ನೂ ಕಡಿಮೆಯಾಗುತ್ತದೆ, ಊತ ಇನ್ನೂ ಏರುತ್ತದೆ. ಹೀಗೆ ಒಂದು ಸುಳಿಗೆ ಸಿಕ್ಕಿ ಎಳೆಗಳು ಸಾಯುತ್ತವೆ.

ರಕ್ತ ಯಾಕೆ ಕಡಿಮೆಯಾಗುತ್ತದೆ? ಕಾಲುವೆಯ ಕೊನೆಯ ಗದ್ದೆಗಳ ಪಾಡು ನಮ್ಮ ರೈತರಿಗೆ ಗೊತ್ತು. ಮೇಲೆ ನೀರಿನ ಮಟ್ಟ ಇಳಿದರೆ ಮೊದಲು ಒಣಗುವುದು ಅವೇ. ನರದ ಈ ತುದಿಯೂ ಅಂಥದ್ದೇ ಜಾಗ. ನಾವು ಮಲಗಿದಾಗ ಎಲ್ಲರ ಬಿಪಿಯೂ ಒಂದಿಷ್ಟು ಇಳಿಯುತ್ತದೆ, ಅದು ಸಹಜ. ಆರೋಗ್ಯವಾಗಿರುವ ನಾಳಗಳು ಆಗ ತಾವೇ ಹಿಗ್ಗಿ ರಕ್ತವನ್ನು ಸರಿದೂಗಿಸುತ್ತವೆ. ವರ್ಷಗಟ್ಟಲೆ ಶುಗರ್, ಬಿಪಿ ಇದ್ದವರ ನಾಳಗಳು ಗಡುಸಾಗಿರುತ್ತವೆ, ಅಷ್ಟು ಚೆನ್ನಾಗಿ ಹಿಗ್ಗುವುದಿಲ್ಲ. ಅದರ ಮೇಲೆ ಮಲಗುವ ಮುಂಚೆ ಬಿಪಿ ಮಾತ್ರೆ ತಗೊಂಡರೆ ನಡುರಾತ್ರಿಯಲ್ಲಿ ಒತ್ತಡ ಬೇಕಾದ್ದಕ್ಕಿಂತ ಜಾಸ್ತಿ ಇಳಿಯಬಹುದು. ಬಹಳ ಜನ ನೋಟ ಹೋದದ್ದನ್ನು ಬೆಳಿಗ್ಗೆ ಎದ್ದಾಗಲೇ ಗಮನಿಸುವುದಕ್ಕೆ ಇದೇ ಕಾರಣ ಇರಬೇಕು ಅನ್ನುವುದು ಒಂದು ಬಲವಾದ ವಾದ. ಪಂಜಾಬಿನಿಂದ ಹೋಗಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ದುಡಿದ ಡಾ. ಸೋಹನ್ ಸಿಂಗ್ ಹೇರೆ ಅವರು ತಮ್ಮ ಜೀವಮಾನದ ಬಹುಪಾಲನ್ನು ಈ ನರದ ರಕ್ತಸಂಚಾರ ಅರಿಯುವುದಕ್ಕೇ ಕೊಟ್ಟರು. ರಾತ್ರಿಯ ಬಿಪಿ ಇಳಿತದ ಮಾತನ್ನು ಒತ್ತಿ ಹೇಳಿದವರೂ ಅವರೇ. ಎಲ್ಲ ತಜ್ಞರೂ ಅವರ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ಆದರೂ ನನ್ನ ಕ್ಲಿನಿಕ್‌ನಲ್ಲಿ ಇಂಥ ರೋಗಿ ಬಂದಾಗ ನಾನು ಮೊದಲು ಕೇಳುವ ಪ್ರಶ್ನೆ, "ಬಿಪಿ ಮಾತ್ರೆ ಎಷ್ಟು ಗಂಟೆಗೆ ತಗೋತೀರಿ?"

ಗೊರಕೆಯ ವಿಷಯವನ್ನು ನೀವು ಪತ್ರದ ಕೊನೆಯಲ್ಲಿ ಸುಮ್ನೆ ಸೇರಿಸಿದ ಹಾಗಿದೆ. ನನಗೆ ಅದು ತುಂಬಾ ಮುಖ್ಯ ಅನ್ನಿಸಿತು. ಬರೀ ಗೊರಕೆ ಇದ್ದರೆ ಬೇರೆ ಮಾತು. ಗೊರಕೆಯ ನಡುವೆ ಉಸಿರು ಕೆಲವು ಸೆಕೆಂಡು ನಿಂತು, ಆಮೇಲೆ ಒಮ್ಮೆಲೇ ಎಳೆದುಕೊಳ್ಳುವ ಹಾಗೆ ಬರುತ್ತದಾ? ಅಮ್ಮನನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಹಗಲು ಅಂಗಡಿಯಲ್ಲಿ ಕೂತಲ್ಲೇ ತೂಕಡಿಸುತ್ತಾರಾ? ಎದ್ದಾಗ ತಲೆ ಭಾರ ಇರುತ್ತದಾ? ಹಾಗಿದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಉಸಿರು ನಿಂತಾಗಲೆಲ್ಲ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಬಿಪಿ ಏರಿಳಿಯುತ್ತದೆ. ರಾತ್ರಿಯಿಡೀ ಹೀಗೇ ನಡೆಯುತ್ತದೆ. ಈ ಕಣ್ಣಿನ ಕಾಯಿಲೆ ಬಂದವರಲ್ಲಿ ಸ್ಲೀಪ್ ಆಪ್ನಿಯಾ ಇರುವವರ ಪಾಲು ಹೆಚ್ಚು ಅಂತ ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ.

ಇನ್ನು ಕೆಲವು ಔಷಧಗಳ ಮಾತು. ಗಂಡಸರು ಲೈಂಗಿಕ ಶಕ್ತಿಗೆ ತಗೊಳ್ಳುವ ಸಿಲ್ಡೆನಾಫಿಲ್ ಜಾತಿಯ ಮಾತ್ರೆಗಳಿಗೆ ಈ ಕಾಯಿಲೆಯ ನಂಟು ಇರಬಹುದು ಅಂತ 2005ರಿಂದಲೇ ಅಮೆರಿಕದಲ್ಲಿ ಎಚ್ಚರಿಕೆ ಮುದ್ರಿಸುತ್ತಿದ್ದಾರೆ. ಮಕ್ಕಳ ಎದುರು ಯಾವ ಅಪ್ಪನೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮುಂದಿನ ಸಲ ಹೋದಾಗ ಡಾಕ್ಟರ್ ಜೊತೆ ಅವರೊಬ್ಬರೇ ಐದು ನಿಮಿಷ ಮಾತಾಡಲಿ, ನೀವು ಹೊರಗೆ ಕೂತಿರಿ. ಶುಗರ್‌ಗೆ ಮತ್ತು ತೂಕ ಇಳಿಸಲು ಈಗ ನಮ್ಮಲ್ಲೂ ಬಳಕೆಗೆ ಬಂದಿರುವ ಸೆಮಾಗ್ಲುಟೈಡ್ ಬಗ್ಗೆ 2025ರ ಜೂನ್‌ನಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಒಂದು ತೀರ್ಮಾನಕ್ಕೆ ಬಂತು. ಈ ಕಾಯಿಲೆ ಅದರ ಅತಿ ಅಪರೂಪದ ಅಡ್ಡಪರಿಣಾಮ, 10,000 ಜನರಲ್ಲಿ ಒಬ್ಬರಿಗೆ ಬರಬಹುದು ಎಂದು. ಅಪರೂಪ ನಿಜ, ಆದರೆ ಒಂದು ಕಣ್ಣು ಈಗಾಗಲೇ ಹೋದವರ ಲೆಕ್ಕ ಬೇರೆ. ನಿಮ್ಮ ಅಪ್ಪ ಅದನ್ನು ತಗೊಳ್ಳುತ್ತಿದ್ದರೆ ಶುಗರ್ ಡಾಕ್ಟರಿಗೆ ಈಗಲೇ ತಿಳಿಸಿ, ಬದಲಿ ಕೇಳಿ. ಹೃದಯದ ಬಡಿತಕ್ಕೆ ಕೊಡುವ ಅಮಿಯೋಡರೋನ್ ಕೂಡ ಇದೇ ಥರ ನರ ಊದುವಂತೆ ಮಾಡಬಲ್ಲದು. ಯಾವುದನ್ನೂ ನೀವೇ ನಿಲ್ಲಿಸಬೇಡಿ. ಮನೆಯಲ್ಲಿರುವ ಎಲ್ಲ ಮಾತ್ರೆಯ ಪಟ್ಟಿ ಮಾಡಿಕೊಂಡು ಹೋಗಿ, ಸಾಕು.

ನಮ್ಮಲ್ಲಿ ಒಂದು ಹಳೇ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ಬಿಪಿ ವಿಪರೀತ ಏರಿದೆ ಅಂದ ತಕ್ಷಣ ಕ್ಯಾಪ್ಸೂಲ್ ಒಡೆದು ನಾಲಿಗೆ ಕೆಳಗೆ ಹಾಕಿ ಅರ್ಧ ಗಂಟೆಯಲ್ಲಿ ಇಳಿಸುವುದು. ಹೀಗೆ ಧಡಕ್ಕನೆ ಇಳಿಸಿದಾಗ ಕಣ್ಣಿನ ನರ ರಕ್ತವಿಲ್ಲದೆ ಸೊರಗಬಹುದು. ಇನ್ನೆಂದೂ ಯಾರೂ ನಿಮ್ಮ ಅಪ್ಪನಿಗೆ ಹಾಗೆ ಮಾಡದಂತೆ ನೋಡಿಕೊಳ್ಳಿ.

ಈಗ ಆ ಇನ್ನೊಂದು ಕಾಯಿಲೆಯ ಮಾತು. ಇದನ್ನು ತಳ್ಳಿಹಾಕದೆ ಮುಂದೆ ಹೋಗುವ ಹಾಗಿಲ್ಲ.

ಜೈಂಟ್ ಸೆಲ್ ಆರ್ಟರೈಟಿಸ್ ಅಂತ ಅದರ ಹೆಸರು. ಇದರಲ್ಲಿ ತಲೆಯ, ಕಣ್ಣಿನ ರಕ್ತನಾಳಗಳ ಗೋಡೆಗೇ ಉರಿಯೂತ ಬಂದು ನಾಳ ಕಟ್ಟಿಕೊಳ್ಳುತ್ತದೆ. 50 ದಾಟಿದವರಿಗೆ, ಅದರಲ್ಲೂ 70 ದಾಟಿದವರಿಗೆ ಜಾಸ್ತಿ. ಯುರೋಪಿನ ಜನಕ್ಕಿಂತ ನಮ್ಮಲ್ಲಿ ಕಡಿಮೆ. ಹಾಗಂತ ನಮ್ಮಲ್ಲಿ ಇಲ್ಲವೇ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಉತ್ತರ ಕರ್ನಾಟಕದ ಒಬ್ಬ ಅಜ್ಜಿ ನನ್ನ ಬಳಿ ಬಂದಿದ್ದರು. ನಾಲ್ಕು ವಾರದಿಂದ ರೊಟ್ಟಿ ಅಗಿಯುವಾಗ ದವಡೆ ನೋಯುತ್ತದೆ, ಅಗಿಯುವುದು ನಿಲ್ಲಿಸಿದರೆ ನೋವು ಹೋಗುತ್ತದೆ ಅಂತ ಅನ್ನ ಸಾರಿಗೆ ಬದಲಾಗಿದ್ದರು. ಕಣತಲೆ ಮುಟ್ಟಿದರೆ ನೋವು, ತಲೆ ಬಾಚಿಕೊಂಡರೆ ನೋವು. ಮನೆಯವರು ಹಲ್ಲಿನ ಡಾಕ್ಟರಿಗೆ ತೋರಿಸಿದ್ದರು. ಅಷ್ಟರಲ್ಲಿ ಒಂದು ಕಣ್ಣು ಪೂರ್ತಿ ಕತ್ತಲಾಯಿತು. ಅವತ್ತೇ ಸ್ಟೀರಾಯ್ಡ್ ಶುರು ಮಾಡಿದ್ದರಿಂದ ಇನ್ನೊಂದು ಕಣ್ಣು ಉಳಿಯಿತು. ಹೋದ ಕಣ್ಣು ಬರಲಿಲ್ಲ.

ಈ ಕಾಯಿಲೆಗೆ ಚಿಕಿತ್ಸೆ ಸಿಗದಿದ್ದರೆ ಇನ್ನೊಂದು ಕಣ್ಣು ಕೆಲವೇ ದಿನ, ಕೆಲವೇ ವಾರಗಳಲ್ಲಿ ಹೋಗುವ ಭಯ ದೊಡ್ಡದು. ಅದಕ್ಕೇ ಅನುಮಾನ ಬಂದ ತಕ್ಷಣ, ಬಯಾಪ್ಸಿ (ನಾಳದ ಸಣ್ಣ ತುಂಡು ತೆಗೆದು ನೋಡುವ ಪರೀಕ್ಷೆ) ವರದಿಗೂ ಕಾಯದೆ, ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಕೊಡುತ್ತಾರೆ. ಪತ್ತೆಗೆ ಮೊದಲ ಹೆಜ್ಜೆ ದೇಹದಲ್ಲಿ ಉರಿಯೂತ ಇದೆಯಾ ಅಂತ ತೋರಿಸುವ ಎರಡು ಸಾದಾ ರಕ್ತ ಪರೀಕ್ಷೆ, ಇಎಸ್‌ಆರ್ ಮತ್ತು ಸಿಆರ್‌ಪಿ. ಜೊತೆಗೆ ಪ್ಲೇಟ್‌ಲೆಟ್ ಎಣಿಕೆ. ತಾಲೂಕು ಮಟ್ಟದ ಲ್ಯಾಬ್‌ನಲ್ಲೂ ಇವು ಆಗುತ್ತವೆ. ನಿಮ್ಮ ಪತ್ರದಲ್ಲಿ ಎಂಆರ್‌ಐ ಬಗ್ಗೆ ಇದೆ, ಈ ಪರೀಕ್ಷೆಗಳ ಬಗ್ಗೆ ಇಲ್ಲ. ಫೈಲ್ ತೆಗೆದು ನೋಡಿ. ಮಾಡಿಸಿಲ್ಲದಿದ್ದರೆ ನಾಳೆಯೇ ಮಾಡಿಸಿ, ಕಣ್ಣಿನ ಡಾಕ್ಟರಿಗೆ ತೋರಿಸಿ. ಅಪ್ಪನಿಗೆ ಹೊಸ ತಲೆನೋವು, ದವಡೆ ನೋವು, ಕಾರಣವಿಲ್ಲದ ಜ್ವರ, ತೂಕ ಇಳಿಯುವುದು, ಭುಜ ಸೊಂಟ ಬಿಗಿಯುವುದು, ಎರಡೆರಡಾಗಿ ಕಾಣುವುದು, ನೋಟ ಕೆಲವು ನಿಮಿಷ ಹೋಗಿ ಬರುವುದು ಇತ್ತಾ ಅಂತ ಕೇಳಿ. 59 ವರ್ಷ, ಶುಗರ್ ಬಿಪಿ ಎರಡೂ ಇದೆ, ನೋವಿಲ್ಲ, ನೋಟ 6/36 ಉಳಿದಿದೆ. ಇದೆಲ್ಲ ನೋಡಿದರೆ ಅವರದ್ದು ಆ ಕಾಯಿಲೆ ಇರುವ ಸಾಧ್ಯತೆ ಕಡಿಮೆ. ಆದರೂ ಎರಡು ರಕ್ತ ಪರೀಕ್ಷೆಯಲ್ಲಿ ತೀರುವ ಅನುಮಾನವನ್ನು ಯಾಕೆ ಉಳಿಸಿಕೊಳ್ಳಬೇಕು?

ರೋಗ ಇದೇ ಅಂತ ಡಾಕ್ಟರಿಗೆ ಹೇಗೆ ಗೊತ್ತಾಗುತ್ತದೆ? ಟಾರ್ಚ್ ಬೆಳಕನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹಾಯಿಸಿ ಪಾಪೆ ಹೇಗೆ ಕುಗ್ಗುತ್ತದೆ ಅಂತ ನೋಡುತ್ತಾರೆ. ನರಕ್ಕೆ ಪೆಟ್ಟಾದ ಕಣ್ಣಿನಲ್ಲಿ ಅದು ಸೋಮಾರಿಯಾಗಿರುತ್ತದೆ. ಒಳಗೆ ನೋಡಿದರೆ ನರದ ತುದಿ ಊದಿ, ಅಂಚಿನಲ್ಲಿ ಗೀರು ಎಳೆದ ಹಾಗೆ ಸಣ್ಣ ರಕ್ತದ ಗೆರೆಗಳು ಕಾಣುತ್ತವೆ. ಸುತ್ತಲಿನ ನೋಟ ಎಲ್ಲೆಲ್ಲಿ ಇದೆ ಅಂತ ಅಳೆಯುವ ಫೀಲ್ಡ್ ಟೆಸ್ಟಿನಲ್ಲಿ ಮೇಲಿನ ಅಥವಾ ಕೆಳಗಿನ ಅರ್ಧ ಹೋಗಿರುತ್ತದೆ. ಕೆಳಗಿನ ಅರ್ಧ ಹೋಗುವುದೇ ಜಾಸ್ತಿ. ಅಪ್ಪ ಹೇಳಿದ ಪರದೆಯ ಮಾತು ಇದಕ್ಕೇ ಹೊಂದುತ್ತದೆ. ಇನ್ನೊಂದು ಮುಖ್ಯ ಸಂಗತಿ ಇದೆ. ಚೆನ್ನಾಗಿರುವ ಕಣ್ಣಿನ ನರವನ್ನೂ ನೋಡಲೇಬೇಕು. ಅದೂ ಚಿಕ್ಕದಾಗಿ ಒತ್ತೊತ್ತಾಗಿದ್ದರೆ ರೋಗನಿರ್ಣಯ ಗಟ್ಟಿಯಾಗುತ್ತದೆ. ಅದು ದೊಡ್ಡದಾಗಿ, ನಡುವೆ ಅಗಲವಾದ ಗುಳಿ ಇದ್ದರೆ ನಾನು ಮತ್ತೆ ಯೋಚಿಸುತ್ತೇನೆ. ಬೇರೆ ಕಾರಣ ಹುಡುಕುತ್ತೇನೆ. ವಯಸ್ಸು ಚಿಕ್ಕದಿದ್ದು, ಕಣ್ಣು ತಿರುಗಿಸಿದಾಗ ನೋವಿದ್ದರೆ ಅದು ನರದ ಉರಿಯೂತ ಇರಬಹುದು, ಅದರ ದಾರಿ ಬೇರೆ. ಎಂಆರ್‌ಐ ಮಾಡಿಸಿದ್ದು ಗಡ್ಡೆಯಂಥ ಬೇರೆ ಕಾರಣ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ಅದು ನಾರ್ಮಲ್ ಬಂದಿದ್ದರಿಂದ ನರ ಚೆನ್ನಾಗಿದೆ ಎಂದಾಗುವುದಿಲ್ಲ.

"ಕಣ್ಣಿನ ಸ್ಟ್ರೋಕ್" ಅನ್ನುವ ಮಾತು ನಿಮಗೆ ಭಯ ಹುಟ್ಟಿಸಿರಬಹುದು. ನಾವು ಡಾಕ್ಟರುಗಳು ಸುಲಭವಾಗಿ ಅರ್ಥವಾಗಲಿ ಅಂತ ಹಾಗೆ ಹೇಳುತ್ತೇವೆ. ಆದರೆ ಮೆದುಳಿನ ಸ್ಟ್ರೋಕಿನಲ್ಲಿ ಬಹಳ ಸಲ ಹೆಪ್ಪುಗಟ್ಟಿದ ರಕ್ತ ಬಂದು ನಾಳವನ್ನು ಮುಚ್ಚುತ್ತದೆ. ಇಲ್ಲಿ ಸಾಮಾನ್ಯವಾಗಿ ಅಂಥ ಹೆಪ್ಪು ಇರುವುದಿಲ್ಲ. ಅದಕ್ಕೇ ಹೆಪ್ಪು ಕರಗಿಸುವ ಇಂಜೆಕ್ಷನ್ ಇದಕ್ಕೆ ಕೆಲಸ ಮಾಡುವುದಿಲ್ಲ, ಕುತ್ತಿಗೆಯ ನಾಳದ ಸ್ಕ್ಯಾನಿಂಗ್ ಎಲ್ಲರಿಗೂ ಬೇಕಾಗುವುದಿಲ್ಲ. ಕಣ್ಣಿನ ಪರದೆಯ ರಕ್ತನಾಳ ಮುಚ್ಚಿಕೊಳ್ಳುವ ಬೇರೊಂದು ಕಾಯಿಲೆ ಇದೆ. ಅದು ನಿಜಕ್ಕೂ ಸ್ಟ್ರೋಕ್. ಅದರಲ್ಲಿ ಗಂಟೆಗಳ ಲೆಕ್ಕದಲ್ಲಿ ಸ್ಟ್ರೋಕ್ ಚಿಕಿತ್ಸೆ ಇರುವ ಆಸ್ಪತ್ರೆಗೆ ಓಡಬೇಕು. ಮನೆಯಲ್ಲಿ ಕೂತು ಯಾವುದು ಯಾವುದೆಂದು ಹೇಳಲು ಯಾರಿಂದಲೂ ಆಗದು.

ಫೋನ್ ನೋಡಿದ್ದಕ್ಕೆ, ಬಿಸಿಲಲ್ಲಿ ಓಡಾಡಿದ್ದಕ್ಕೆ, ತಲೆಗೆ ಎಣ್ಣೆ ಹಚ್ಚದ್ದಕ್ಕೆ ಇದು ಬಂತು ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಜೇನುತುಪ್ಪ, ಗಿಡದ ರಸ ಕಣ್ಣಿಗೆ ಬಿಡಿಸಬೇಡಿ. ನರ ಇರುವುದು ಕಣ್ಣಿನ ಹಿಂದೆ. ಮೇಲೆ ಬಿಟ್ಟದ್ದು ಅಲ್ಲಿಗೆ ತಲುಪುವುದಿಲ್ಲ, ಮುಂದಿನ ಕರಿಗುಡ್ಡೆಗೆ ಸೋಂಕು ತರುತ್ತದೆ ಅಷ್ಟೇ.

ಚಿಕಿತ್ಸೆಯ ವಿಷಯಕ್ಕೆ ಬರೋಣ. ಇಬ್ಬರು ಡಾಕ್ಟರ್ ಎರಡು ಥರ ಹೇಳಿದ್ದು ನಿಮ್ಮನ್ನು ಗೊಂದಲಕ್ಕೆ ತಳ್ಳಿದೆ. ಅವರಿಬ್ಬರಲ್ಲಿ ಯಾರೂ ತಪ್ಪು ಹೇಳಿಲ್ಲ. 2008ರಲ್ಲಿ ಡಾ. ಹೇರೆ ಅವರ ತಂಡ, ಬೇಗ ಸ್ಟೀರಾಯ್ಡ್ ಕೊಟ್ಟವರಲ್ಲಿ ನೋಟ ಹೆಚ್ಚು ಸುಧಾರಿಸಿತು ಎಂದು ಬರೆಯಿತು. ಆದರೆ ಆ ಅಧ್ಯಯನದಲ್ಲಿ ಯಾರು ಮಾತ್ರೆ ತಗೊಳ್ಳಬೇಕು ಅಂತ ಆರಿಸಿಕೊಂಡದ್ದು ರೋಗಿಗಳೇ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿರಲಿಲ್ಲ. ಆಮೇಲೆ ಬಂದ ಅಧ್ಯಯನಗಳು ಆ ಲಾಭವನ್ನು ಖಚಿತವಾಗಿ ತೋರಿಸಿಲ್ಲ. ಹಾಗಾಗಿ ಕೆಲವರು ಕೊಡುತ್ತಾರೆ, ಬಹಳ ಜನ ಕೊಡುವುದಿಲ್ಲ. ನಾನು 11 ವರ್ಷದ ಶುಗರ್ ಇರುವವರಿಗೆ ಕೊಡುವುದಿಲ್ಲ. ಸ್ಟೀರಾಯ್ಡ್ ತಗೊಂಡು ಶುಗರ್ 400 ದಾಟಿ ಆಸ್ಪತ್ರೆ ಸೇರಿದವರನ್ನು ನೋಡಿದ್ದೇನೆ. ಖಚಿತವಿಲ್ಲದ ಲಾಭಕ್ಕೆ ಖಚಿತವಾದ ಅಪಾಯ ತಂದುಕೊಂಡ ಹಾಗಾಗುತ್ತದೆ. ಅದೂ ಅಲ್ಲದೆ ಈಗ ಒಂದು ತಿಂಗಳಾಗಿದೆ. ಊತವೇ ಇಳಿಯುತ್ತಿರುವ ಹೊತ್ತಿನಲ್ಲಿ ಆ ಚರ್ಚೆಗೆ ಅರ್ಥ ಉಳಿದಿಲ್ಲ.

ಆಪರೇಷನ್? ನರದ ಸುತ್ತಲಿನ ಹೊದಿಕೆಯನ್ನು ಸೀಳಿ ಒತ್ತಡ ಕಡಿಮೆ ಮಾಡುವ ಆಪರೇಷನ್ ಒಂದು ಕಾಲದಲ್ಲಿ ತುಂಬಾ ಆಸೆ ಹುಟ್ಟಿಸಿತ್ತು. ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ಅದನ್ನು ಸರಿಯಾಗಿ ಪರೀಕ್ಷಿಸಿ 1995ರಲ್ಲಿ ಫಲಿತಾಂಶ ಹೇಳಿದವು. ಆರು ತಿಂಗಳ ನಂತರ, ಆಪರೇಷನ್ ಆದ 100 ಜನರಲ್ಲಿ ಸುಮಾರು 33 ಜನಕ್ಕೆ ಅಕ್ಷರ ಓದಿಸುವ ಚಾರ್ಟಿನಲ್ಲಿ ಮೂರು ಸಾಲು ಸುಧಾರಣೆ. ಏನೂ ಮಾಡದೆ ನೋಡಿಕೊಂಡ 100 ಜನರಲ್ಲಿ ಸುಮಾರು 43. ಮೂರು ಸಾಲು ಕೆಟ್ಟದ್ದು ಆಪರೇಷನ್ ಆದವರಲ್ಲಿ 24, ಸುಮ್ಮನೆ ಇದ್ದವರಲ್ಲಿ 12. ಅಂದರೆ ಆಪರೇಷನ್ನಿನಿಂದ ಲಾಭ ಇರಲಿಲ್ಲ, ನಷ್ಟವೇ ಇತ್ತು. ಅಲ್ಲಿಗೆ ಅದು ನಿಂತಿತು. ನಿಮಗೆ ಈ ಲೆಕ್ಕ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಔಷಧವಿಲ್ಲದೆಯೇ 100ರಲ್ಲಿ 43 ಜನ ಸ್ವಲ್ಪ ಚೇತರಿಸಿಕೊಂಡರು ಅನ್ನುವುದನ್ನು ಗಮನಿಸಿ. ಉಳಿದ ನೋಟವನ್ನು ಬಳಸುವುದನ್ನು ಮೆದುಳು ಕಲಿಯುವುದೂ ಅದರಲ್ಲಿ ಸೇರಿದೆ. ನಿಮ್ಮ ಅಪ್ಪನಿಗೆ ಆರು ತಿಂಗಳವರೆಗೆ ಸ್ವಲ್ಪ ಸುಧಾರಣೆ ಬರಬಹುದು. ಕೆಳಗಿನ ಅರ್ಧ ಪೂರ್ತಿ ಮರಳುವುದು ಅಪರೂಪ.

ಈ 43 ಜನರ ಲೆಕ್ಕದಲ್ಲೇ ಇನ್ನೊಂದು ಅಪಾಯವೂ ಅಡಗಿದೆ. ತಾನಾಗಿ ಬಂದ ಸುಧಾರಣೆಯನ್ನು ತಮ್ಮ ಚಿಕಿತ್ಸೆಯ ಫಲ ಅಂತ ತೋರಿಸುವವರು ಇದ್ದಾರೆ. ಸ್ಟೆಮ್ ಸೆಲ್ ಹೆಸರಿನ ಕ್ಲಿನಿಕ್‌ಗಳು ಹೇಳುವ "ನಮ್ಮ ರೋಗಿಗೆ ನೋಟ ಬಂತು" ಅನ್ನುವ ಕಥೆಗಳಲ್ಲಿ ಬಹಳಷ್ಟು ಹೀಗೇ ಹುಟ್ಟಿದವು ಅಂತ ನನ್ನ ಅಭಿಪ್ರಾಯ. ಸತ್ತ ನರದ ಎಳೆಯನ್ನು ಸ್ಟೆಮ್ ಸೆಲ್ ಮತ್ತೆ ಬೆಳೆಸಿ ಮೆದುಳಿಗೆ ಜೋಡಿಸುತ್ತದೆ ಅಂತ ಇವತ್ತಿನವರೆಗೆ ಯಾರೂ ಮನುಷ್ಯರಲ್ಲಿ ಸಾಬೀತು ಮಾಡಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ, ಒಪ್ಪಿಗೆ ಪಡೆದ ಪ್ರಯೋಗದ ಹೊರಗೆ ಇಂಥ ಚಿಕಿತ್ಸೆಯನ್ನು ದುಡ್ಡಿಗೆ ಕೊಡುವ ಹಾಗಿಲ್ಲ. ನಿಮ್ಮ ಮಾವ ಪ್ರೀತಿಯಿಂದಲೇ ಹೇಳಿದ್ದಾರೆ. ಅವರಿಗೆ ಬೇಜಾರಾಗದ ಹಾಗೆ ಒಂದು ಮಾತು ಹೇಳಿ: ಪ್ರಯೋಗ ಅಂದರೆ ರೋಗಿಯಿಂದ ದುಡ್ಡು ತಗೊಳ್ಳುವುದಿಲ್ಲ. ಲಕ್ಷಗಟ್ಟಲೆ ಕೇಳುತ್ತಿದ್ದರೆ ಅದು ಪ್ರಯೋಗವಲ್ಲ. ಕಣ್ಣಿನ ಹಿಂದೆ ಸೂಜಿ ಹಾಕುವಾಗ ಉಳಿದ ನೋಟಕ್ಕೂ ಪೆಟ್ಟಾಗಬಹುದು. ದಯವಿಟ್ಟು ಅಂಗಡಿಯ ಬಂಡವಾಳ ಅಲ್ಲಿ ಹಾಕಬೇಡಿ.

ಕಣ್ಣು ಬದಲಾಯಿಸಬಹುದಾ ಅಂತಲೂ ಬಹಳ ಜನ ಕೇಳುತ್ತಾರೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ಕು ಜನರಿಗೆ ನೋಟ ಬಂದ ಮೇಲೆ ಈ ಪ್ರಶ್ನೆ ಇನ್ನೂ ಹೆಚ್ಚಾಯಿತು. ಅವತ್ತು ಕಣ್ಣುದಾನದ ನೋಂದಣಿಗೆ ಜನ ಸಾಲುಗಟ್ಟಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ದಾನದಿಂದ ಬಳಸುವುದು ಮುಂದಿನ ಪಾರದರ್ಶಕ ಪದರ, ಕಾರ್ನಿಯಾ ಮಾತ್ರ. 2023ರಲ್ಲಿ ನ್ಯೂಯಾರ್ಕಿನಲ್ಲಿ ಇಡೀ ಕಣ್ಣನ್ನು ಕಸಿ ಮಾಡಿದ್ದಾರೆ. ಕಣ್ಣು ಜೀವಂತವಾಗಿ ಉಳಿಯಿತು, ನೋಟ ಬರಲಿಲ್ಲ. ಕಡಿದುಹೋದ ನರದ ಎಳೆಗಳನ್ನು ಮೆದುಳಿಗೆ ಸೇರಿಸುವ ದಾರಿ ಇನ್ನೂ ಯಾರಿಗೂ ಸಿಕ್ಕಿಲ್ಲ.

ನರಕ್ಕೆ ಶಕ್ತಿ ಅಂತ ಕೊಡುವ ಬಿ12 ಇಂಜೆಕ್ಷನ್ ಈ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಆದರೆ ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ತಗೊಳ್ಳುವವರಲ್ಲಿ ಬಿ12 ಇಳಿಯುವುದುಂಟು. ಅಪ್ಪ ಅದನ್ನು ತಗೊಳ್ಳುತ್ತಿದ್ದರೆ ಒಮ್ಮೆ ರಕ್ತದಲ್ಲಿ ನೋಡಿಸಿ, ಕಡಿಮೆ ಇದ್ದರೆ ತುಂಬಿಸಲಿ. ಆಸ್ಪಿರಿನ್ ಇನ್ನೊಂದು ಕಣ್ಣನ್ನು ಕಾಯುತ್ತದೆ ಅನ್ನುವುದಕ್ಕೂ ಗಟ್ಟಿ ಆಧಾರ ಇಲ್ಲ. ಹೃದಯಕ್ಕೆ ಬೇಕೆಂದು ಫಿಸಿಷಿಯನ್ ಬರೆದಿದ್ದರೆ ತಗೊಳ್ಳಲಿ.

ಈಗ ನಿಮ್ಮ ಮೂರನೇ ಪ್ರಶ್ನೆ. ನನ್ನ ಮಟ್ಟಿಗೆ ನಿಮ್ಮ ಪತ್ರದಲ್ಲಿ ಅತಿ ದೊಡ್ಡ ಪ್ರಶ್ನೆ ಇದೇ. ಮೇಲೆ ಹೇಳಿದ ಅಮೆರಿಕದ ಅಧ್ಯಯನದಲ್ಲಿ ಭಾಗವಹಿಸಿದವರನ್ನು ಐದು ವರ್ಷ ನೋಡಿದಾಗ, 100ರಲ್ಲಿ ಸುಮಾರು 15 ಜನಕ್ಕೆ ಇನ್ನೊಂದು ಕಣ್ಣಿಗೂ ಬಂತು. ಶುಗರ್ ಇದ್ದವರಿಗೆ ಈ ಅಪಾಯ ಹೆಚ್ಚಿತ್ತು. 85 ಜನಕ್ಕೆ ಬರಲಿಲ್ಲ ಅನ್ನುವುದೂ ಅಷ್ಟೇ ನಿಜ. ಅದೇ ಕಣ್ಣಿಗೆ ಮತ್ತೆ ಬರುವುದು ತೀರಾ ಕಡಿಮೆ. ಹಾಗಾಗಿ ನಿಮ್ಮ ಸಮಯ, ದುಡ್ಡು, ಓಡಾಟ ಎಲ್ಲವೂ ಈಗ ಎಡಗಣ್ಣಿನ ಕಡೆಗೆ ತಿರುಗಬೇಕು.

ಬಿಪಿ ಮಾತ್ರೆಯಿಂದ ಶುರು ಮಾಡಿ. ಫಿಸಿಷಿಯನ್ ಬಳಿ ಹೋಗಿ, ಕಣ್ಣಿನ ಕಾಗದ ತೋರಿಸಿ, ರಾತ್ರಿಯ ಮಾತ್ರೆಯನ್ನು ಬೆಳಿಗ್ಗೆಗೆ ಬದಲಾಯಿಸಬಹುದಾ ಅಂತ ಕೇಳಿ. ಸಾಧ್ಯವಾದರೆ 24 ಗಂಟೆಯ ಬಿಪಿ ಪರೀಕ್ಷೆ ಮಾಡಿಸಿ. ತೋಳಿಗೆ ಪಟ್ಟಿ ಕಟ್ಟಿ ಮನೆಗೆ ಕಳಿಸುತ್ತಾರೆ, ಅದು ರಾತ್ರಿಯೂ ಆಗಾಗ ಅಳೆಯುತ್ತದೆ. ನಡುರಾತ್ರಿ ಎಷ್ಟು ಇಳಿಯುತ್ತದೆ ಅನ್ನುವುದು ಕಾಗದದ ಮೇಲೆ ಬರುತ್ತದೆ. ಸಮಯ ಬದಲಾಯಿಸಿದರೆ ಎರಡನೇ ಕಣ್ಣು ಖಂಡಿತ ಉಳಿಯುತ್ತದೆ ಅಂತ ಸಾಬೀತಾಗಿಲ್ಲ. ಆದರೆ ಹೆಚ್ಚಿನವರಿಗೆ ಇದರಿಂದ ನಷ್ಟವಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಇದನ್ನು ಓದಿ ಮಾತ್ರೆಯನ್ನೇ ಬಿಟ್ಟರೆ ಮೆದುಳಿನ ಸ್ಟ್ರೋಕ್, ಹೃದಯಾಘಾತದ ಬಾಗಿಲು ತೆರೆದ ಹಾಗೆ. ಬದಲಾಗಬೇಕಾದ್ದು ಹೊತ್ತು, ಅದೂ ಡಾಕ್ಟರ್ ಹೇಳಿದರೆ.

ಎರಡನೆಯದು ಸ್ಲೀಪ್ ಸ್ಟಡಿ. ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿ, ಇಲ್ಲವೇ ಮನೆಗೇ ಸಣ್ಣ ಯಂತ್ರ ಕೊಟ್ಟು ಮಾಡುತ್ತಾರೆ. ಆಪ್ನಿಯಾ ಇದ್ದರೆ ಮೂಗಿಗೆ ಮಾಸ್ಕ್ ಹಾಕಿ ಗಾಳಿ ಕೊಡುವ ಸಿಪ್ಯಾಪ್ ಯಂತ್ರ ಬರೆಯುತ್ತಾರೆ. ಮೊದಲ ವಾರ ಎಲ್ಲರೂ ಕಿತ್ತು ಎಸೆಯುತ್ತಾರೆ, ಉಸಿರು ಕಟ್ಟಿದ ಹಾಗಾಗುತ್ತದೆ ಅನ್ನುತ್ತಾರೆ. ಮಾಸ್ಕಿನ ಅಳತೆ ಬದಲಾಯಿಸಿ, ದಿನಕ್ಕೆ ಒಂದೆರಡು ಗಂಟೆಯಿಂದ ರೂಢಿ ಮಾಡಿಸಿ. ತೀವ್ರ ಆಪ್ನಿಯಾ ಇದ್ದೂ ಯಂತ್ರ ಬಳಸದವರಲ್ಲಿ ಎರಡನೇ ಕಣ್ಣಿಗೆ ಬರುವುದು ಹೆಚ್ಚು ಅಂತ ಕಂಡುಬಂದಿದೆ. ಕಣ್ಣಿನ ಹೆಸರು ಹೇಳಿದರೆ ಹಟ ಮಾಡುವ ಅಪ್ಪಂದಿರೂ ಒಪ್ಪುತ್ತಾರೆ. ಇದು ನನ್ನ ಅನುಭವ.

ಶುಗರ್, ಕೊಲೆಸ್ಟ್ರಾಲ್, ಬೀಡಿ ಸಿಗರೇಟಿನ ವಿಷಯ ನಿಮಗೆ ಗೊತ್ತೇ ಇದೆ. ಹಿಮೋಗ್ಲೋಬಿನ್ ಕೂಡ ನೋಡಿಸಿ. ರಕ್ತ ಕಡಿಮೆ ಇದ್ದರೆ ನರಕ್ಕೆ ಆಮ್ಲಜನಕವೂ ಕಡಿಮೆ. ಮುಂದೆ ಅಪ್ಪನಿಗೆ ಬೆನ್ನುಮೂಳೆ, ಹೃದಯ, ಎಡಗಣ್ಣಿನ ಪೊರೆ, ಯಾವುದೇ ಆಪರೇಷನ್ ಬಂದರೂ ಈ ಕಾಯಿಲೆ ಆಗಿದೆ ಅಂತ ಮೊದಲೇ ಹೇಳಿ. ಬಿಪಿ ತುಂಬಾ ಇಳಿಯದಂತೆ, ರಕ್ತ ಜಾಸ್ತಿ ಹೋಗದಂತೆ ಅವರು ನೋಡಿಕೊಳ್ಳುತ್ತಾರೆ.

ಮುಂದಿನ ಭೇಟಿಯಲ್ಲಿ ಡಾಕ್ಟರ್ "ನರ ಬೆಳ್ಳಗಾಗಿದೆ" ಅನ್ನಬಹುದು. ಗಾಬರಿಯಾಗಬೇಡಿ, ಅದು ಹೊಸ ರೋಗವಲ್ಲ. ಊತ ಸಾಮಾನ್ಯವಾಗಿ ಆರರಿಂದ ಹನ್ನೊಂದು ವಾರದೊಳಗೆ ಇಳಿಯುತ್ತದೆ, ಪೆಟ್ಟಾದ ಜಾಗ ಬಿಳುಪಾಗುತ್ತದೆ. ಮೂರು ತಿಂಗಳಾದರೂ ಊತ ಇಳಿಯದಿದ್ದರೆ, ಅಥವಾ ನೋಟ ಇಳಿಯುತ್ತಲೇ ಹೋದರೆ ಮಾತ್ರ ರೋಗನಿರ್ಣಯವನ್ನೇ ಮತ್ತೊಮ್ಮೆ ಪರಿಶೀಲಿಸಬೇಕು.

ಮನೆಯ ಕಡೆ ಸ್ವಲ್ಪ ಗಮನ ಕೊಡಿ. ಎಡಗಣ್ಣು ಚೆನ್ನಾಗಿರುವುದರಿಂದ ಅವರಿಗೆ ಹೆಚ್ಚಿನದೆಲ್ಲ ಕಾಣುತ್ತದೆ. ಆದರೆ ಮೊದಲ ಕೆಲವು ತಿಂಗಳು ಆಳದ ಅಂದಾಜು ತಪ್ಪುತ್ತದೆ. ಲೋಟಕ್ಕೆ ಕಾಫಿ ಬಗ್ಗಿಸುವಾಗ ಹೊರಗೆ ಚೆಲ್ಲುತ್ತದೆ. ಹೊಸ್ತಿಲು, ಮೆಟ್ಟಿಲು ಎಡವುತ್ತಾರೆ. ಅಂಗಡಿಯ ಮೆಟ್ಟಿಲ ಅಂಚಿಗೆ ಹಳದಿ ಬಣ್ಣ ಬಳಿಸಿ. ಬೈಕ್ ಈಗಲೇ ಬೇಡ. ಫೀಲ್ಡ್ ಟೆಸ್ಟ್ ನೋಡಿ ಡಾಕ್ಟರ್ ಹೇಳಿದ ಮೇಲೆ ಯೋಚಿಸಿ. ಕನ್ನಡಕದ ನಂಬರ್ ಇಲ್ಲದಿದ್ದರೂ ಸುಲಭವಾಗಿ ಒಡೆಯದ ಪಾಲಿಕಾರ್ಬೊನೇಟ್ ಕನ್ನಡಕ ಹಾಕಿಸಿ. ಮೂಟೆ ಬಿಚ್ಚುವಾಗ, ತಂತಿ ಕತ್ತರಿಸುವಾಗ ಎಡಗಣ್ಣಿಗೆ ಏನೂ ಬಡಿಯಬಾರದು.

ಕೊನೆಗೆ ಒಂದು ಸಣ್ಣ ಅಭ್ಯಾಸ. ಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇರುತ್ತದಲ್ಲ, ಬೆಳಿಗ್ಗೆ ಕಾಫಿಗೆ ಮುಂಚೆ ಅಪ್ಪ ಅದರ ಎದುರು ಕೂರಲಿ. ಅಂಗೈಯಿಂದ ಬಲಗಣ್ಣು ಮುಚ್ಚಿ, ಎಡಗಣ್ಣಿಂದ ನಡುವಿನ ಒಂದು ತಾರೀಖನ್ನೇ ನೋಡಲಿ. ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಇವೆ ಅನ್ನುವುದು ಗೊತ್ತಾಗುತ್ತದಾ, ನಿನ್ನೆಯ ಹಾಗೇ ಇದೆಯಾ ಅಂತ ಹೇಳಲಿ. ಅರ್ಧ ನಿಮಿಷದ ಕೆಲಸ. ಏನಾದರೂ ವ್ಯತ್ಯಾಸ ಅನ್ನಿಸಿದರೆ ಭಾನುವಾರವಾದರೂ ಸರಿ, ಹಬ್ಬವಾದರೂ ಸರಿ, ಅದೇ ದಿನ ಕರೆದುಕೊಂಡು ಹೋಗಿ. ಈ ಸಲ ಅಪ್ಪ ನಿಮಗೆ ನಾಲ್ಕನೇ ದಿನ ಹೇಳಿದರು. ಇನ್ನು ಮುಂದೆ ಅವತ್ತೇ ಹೇಳಬೇಕು ಅಂತ ಅವರಿಂದ ಮಾತು ತಗೊಳ್ಳಿ. ಇಎಸ್‌ಆರ್, ಸಿಆರ್‌ಪಿ ವರದಿ ಬಂದ ಮೇಲೆ ಮತ್ತೆ ಬರೆಯಿರಿ, ನಾನು ನೋಡುತ್ತೇನೆ.